ಎರಡು ಬಾಗಿಲಿನ ಬಸ್ಸಿನಲ್ಲಿ ಊರು ನೋಡಿದ್ದು

ಕಳೆದ ಶನಿವಾರ ಫಳ್ನೀರಿನಲ್ಲಿ ನಾವು ನಾಲ್ವರು ಬಸ್ ಇಳಿಯಬೇಕಿತ್ತು. ಇಳಿದದ್ದು ಮೂವರು. ಬಸ್ಸಿನಲ್ಲೇ ಉಳಿದವಳ ವಯಸ್ಸು ಮೂರು ವರ್ಷ.

ಹೇಗಾಯಿತು ಹೇಳುತ್ತೇನೆ, ತಾಳಿ. ಹುಬ್ಬಳ್ಳಿಯ ನನ್ನ ಗೆಳೆಯ ಬಸವರಾಜನಿಗೆ ಬ್ಯಾಂಕಿನಲ್ಲಿ ಪ್ರಮೋಷನ್ ಸಿಕ್ಕಿ ಮಂಗಳೂರಿಗೆ ವರ್ಗವಾಗಿದೆ. ಹೆಂಡತಿ ಸುಮಂಗಲಾ ಮಾತ್ರ ಸುತರಾಂ ಬರುವುದಿಲ್ಲ ಅಂದಿದ್ದರು. ಅವನೊಬ್ಬ ಇಲ್ಲಿ ಹೋಟೆಲ್ ಊಟ ಮಾಡಿಕೊಂಡಿರುವುದು, ಮಗಳು ಪುಟ್ಟಿಯ ಜೊತೆ ಅವರು ಅಲ್ಲೇ ಉಳಿಯುವುದು ಎಂದು ತೀರ್ಮಾನವೂ ಆಗಿತ್ತು. ಬಸವರಾಜ ಟ್ರಂಕ್ ಕಾಲ್ ಮಾಡಿ, "ಒಂದ್ ದಿನಾ ಕರ್ಕೊಂಡ್ ಬರ್ತೀನಿ. ಊರು ಅಕಿ ಮನಸ್ಸಿಗೆ ಬರೂಹಂಗ ಮಾಡೋ ಮಾರಾಯಾ" ಅಂದ. ("ಮಾರಾಯ" ನನ್ನಿಂದ ಕಲಿತದ್ದು.)

ಹೊರದೇಶದ ದೊಡ್ಡ ಊರುಗಳಲ್ಲಿ ಪ್ರವಾಸಿಗರಿಗೆಂದೇ ಬಸ್ ಉಂಟಂತೆ. ಬೇಕಾದಲ್ಲಿ ಇಳಿಯುವುದು, ನೋಡುವುದು, ಮತ್ತೆ ಹಿಂದೆ ಬರುವ ಬಸ್ ಹತ್ತುವುದು. ನಮ್ಮ ಸಿಟಿ ಬಸ್ ಮಾಡುವುದು ಬೇರೆ ಎಂತ? ಟ್ಯಾಕ್ಸಿ ಯಾಕೆ ಎಂದು ನಾನೇ ಪ್ಲ್ಯಾನ್ ಹಾಕಿದೆ. ಮೊದಲು ಫಳ್ನೀರು, ಆಮೇಲೆ ಜೆಪ್ಪು, ಅಲ್ಲಿಂದ ನದಿ, ಸಂಜೆಗೆ ಕಡಲು. ಫಳ್ನೀರಿನಲ್ಲಿ ಎಂತ ನೋಡುವುದು ಅಂತೀರಾ? ಆಸ್ಪತ್ರೆ. ಪರವೂರಿನವರಿಗೆ ನಾವು ಮಂಗಳೂರಿನವರು ಕಡಲಿಗಿಂತ ಮೊದಲು ತೋರಿಸುವುದು ಅದನ್ನೇ ಅಲ್ಲವೇ?

ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುವಾಗ ಸುಮಂಗಲಾ ತಮ್ಮ ಹೆದರಿಕೆಯನ್ನು ನೇರವಾಗಿಯೇ ಹೇಳಿದರು. "ಸುತ್ತ ಎಲ್ಲಾರೂ ತುಳು, ಕೊಂಕಣಿ ಮಾತಾಡ್ತಾರ. ಒಂದೂ ತಿಳಿಯಂಗಿಲ್ಲ. ಇವರು ಬ್ಯಾಂಕಿನ್ಯಾಗ ಇದ್ದಾಗ ಕೂಸಿಗೆ ಏನರ ಆದ್ರ ಯಾರನ್ನ ಕರೀಲಿ ನಾನು?"

ಅಷ್ಟರಲ್ಲಿ ಬಸ್ ಬಂತು.

ಪುಟ್ಟಿಯನ್ನು ಎತ್ತಿಕೊಂಡು ಅವರು ಮುಂದಿನ ಬಾಗಿಲಲ್ಲಿ ಹತ್ತಿದರು, ಗಂಡಸರು ನಾವಿಬ್ಬರು ಹಿಂದಿನ ಬಾಗಿಲಲ್ಲಿ. ಒಳಗೆ ಕಾಲಿಡಲು ಜಾಗವಿಲ್ಲ. ನಿಂತವರ ಹೊರೆ ಕೂತವರ ಮಡಿಲಿಗೆ ಹೋಗುವುದು ನಮ್ಮ ಬಸ್ಸಿನ ಪದ್ಧತಿ, ನಿಮಗೆ ಗೊತ್ತೇ ಇದೆ. ಕೊಡೆ, ಟಿಫಿನ್ ಕ್ಯಾರಿಯರ್, ಮಗು, ಯಾವುದಾದರೂ ಸರಿ. ಕೇಳುವುದಿಲ್ಲ, ಕೈ ಚಾಚಿ ಎಳೆದುಕೊಳ್ಳುತ್ತಾರೆ. ಹೆಂಗಸರ ಕೊನೆಯ ಸೀಟಿನಲ್ಲಿದ್ದ ಒಬ್ಬರು ಪುಟ್ಟಿಯನ್ನು ಹಾಗೆಯೇ ಎಳೆದು ಮಡಿಲಲ್ಲಿ ಕೂರಿಸಿಕೊಂಡರು. ನೂಕುನುಗ್ಗಲಿನಲ್ಲಿ ಸುಮಂಗಲಾ ಮತ್ತೆ ಮುಂದಿನ ಬಾಗಿಲ ಬಳಿಗೇ ಬಂದುಬಿಟ್ಟರು.

ಫಳ್ನೀರು ಬಂತು. "ಇಳೀರಿ, ಬೇಗ ಬೇಗ" ಎಂದ ಕಂಡಕ್ಟರ್. ಆ ಸೀಟು ಗಂಡನಿಗೆ ಹತ್ತಿರ, ಅವನೇ ಎತ್ತಿಕೊಳ್ಳುತ್ತಾನೆ ಎಂದು ಹೆಂಡತಿ ಮುಂದಿನಿಂದ ಇಳಿದರು. ಮಗುವನ್ನು ಕೊಟ್ಟವಳು ಅವಳು, ಅವಳೇ ತಗೊಳ್ಳುತ್ತಾಳೆ ಎಂದು ಗಂಡ ಹಿಂದಿನಿಂದ ಇಳಿದ. ಕಂಡಕ್ಟರ್ ವಿಸಿಲ್ ಊದಿದ. ಬಸ್ ಹೋಯಿತು. ಇಬ್ಬರೂ ಒಬ್ಬರ ಕೈ ಒಬ್ಬರು ನೋಡಿಕೊಂಡರು.

ಸುಮಂಗಲಾ ರಸ್ತೆಯ ಬದಿಯಲ್ಲಿ ಕೂತುಬಿಟ್ಟರು. 

ಪುಣ್ಯಕ್ಕೆ ಹಿಂದೆಯೇ ಇನ್ನೊಂದು ಬಸ್ ಬಂತು. ಒಂದರ ಬಾಲ ಹಿಡಿದು ಒಂದು ಬರುತ್ತದಲ್ಲ? ಅದರ ಕಂಡಕ್ಟರ್ ವಿಷಯ ಕೇಳಿ, "ಹೆದರ್ಬೇಡಿ ಅಕ್ಕ. ಆ ಬಸ್ಸಿಗೆ ಲಾಸ್ಟ್ ಸ್ಟಾಪ್ ಜೆಪ್ಪು. ಅಲ್ಲಿ ಹೇಗೂ ಸಿಗ್ತದೆ" ಅಂದ. ನಮ್ಮನ್ನು ಹತ್ತಿಸಿಕೊಂಡು ಡ್ರೈವರಿಗೂ ಹೇಳಿದ. ಸಿಟಿ ಬಸ್ಸುಗಳ ಸ್ಪೀಡನ್ನು ಇದೇ ಅಂಕಣದಲ್ಲಿ ಎಷ್ಟು ಸಲ ಬೈದಿದ್ದೇನೆ? ಅವತ್ತು ಮಾತ್ರ ಇನ್ನೂ ಸ್ವಲ್ಪ ಜೋರು ಹೋಗಬಾರದೇ ಅನಿಸಿತು.

ಜೆಪ್ಪುವಿನಲ್ಲಿ ಆ ಬಸ್ ನಿಂತಿತ್ತು. ವಾಪಸ್ ಹೊರಡುವ ಟೈಮ್ ದಾಟಿತ್ತು. ಒಂದು ನಿಮಿಷ ಹೆಚ್ಚುಕಮ್ಮಿಯಾದರೂ ಬೇರೆ ಬಸ್ಸಿನವರ ಕಾಲರ್ ಹಿಡಿಯುವ ಡ್ರೈವರ್, ಇಂಜಿನ್ ಆಫ್ ಮಾಡಿ ರಸ್ತೆ ನೋಡುತ್ತಾ ನಿಂತಿದ್ದ.

ಒಳಗೆ ಅದೇ ಸೀಟಿನಲ್ಲಿ ಅದೇ ಹೆಂಗಸು. ಮಡಿಲಲ್ಲಿ ಪುಟ್ಟಿ. ಸುತ್ತಲೂ ಬೀಡಿ. ಬೀಡಿ ಕಂಪೆನಿಯ ಬ್ರ್ಯಾಂಚಿಗೆ ಕೊಡಲೆಂದು ಆಕೆ ಮನೆಯಲ್ಲಿ ಸುತ್ತಿ, ಕಟ್ಟಿ ತಂದ ಕಟ್ಟುಗಳನ್ನು ಪುಟ್ಟಿ ಒಂದೊಂದಾಗಿ ಬಿಚ್ಚುತ್ತಿದ್ದಳು, ನೂಲನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅಮ್ಮನನ್ನು ಕಂಡು ನಕ್ಕಳು, ಅಷ್ಟೇ.

ಸುಮಂಗಲಾ ಮಗಳನ್ನು ಅಪ್ಪಿಕೊಂಡು ಅತ್ತರು. ಗಿರಿಜಕ್ಕನಿಗೆ (ಹೆಸರು ಆಮೇಲೆ ಗೊತ್ತಾಯಿತು) ಅದೇ ಆಶ್ಚರ್ಯ. "ಎಂತಕ್ಕೆ ಅಳುದು? ನೀವು ಬಸ್ಸಿನ ಹಿಂದೆಯೇ ಬರ್ತೀರಿ ಅಂತ ಗೊತ್ತುಂಟಲ್ಲ. ನಾನು ನಡುವಲ್ಲಿ ಇಳಿದ್ರೆ ನೀವು ಎಲ್ಲಿ ಅಂತ ಹುಡುಕುದು? ಹಾಗೆ ಇಳಿಲಿಲ್ಲ."

ಅವರು ಇಳಿಯಬೇಕಿದ್ದ ಬ್ರ್ಯಾಂಚ್ ದಾಟಿಹೋಗಿತ್ತು. ಅದು ಮಧ್ಯಾಹ್ನಕ್ಕೆ ಮುಚ್ಚುತ್ತದೆ. "ಈ ಬೀಡಿ?" ಎಂದೆ.

"ಮಗು ಅಳ್ತಾ ಇತ್ತು. ಆಡ್ಲಿಕ್ಕೆ ಕೊಡುವ ಅಂದ್ರೆ ನನ್ನತ್ರ ಬೇರೆ ಎಂತ ಉಂಟು? ಪುನಃ ಕಟ್ಟಿದ್ರಾಯ್ತು."

ಸುಮಂಗಲಾ ಕಣ್ಣೊರೆಸಿಕೊಂಡು ಪಕ್ಕದಲ್ಲಿ ಕೂತರು. ಚದುರಿದ ಬೀಡಿ ಆರಿಸಿ ಕೊಡತೊಡಗಿದರು, ಗಿರಿಜಕ್ಕ ಕಟ್ಟತೊಡಗಿದರು. ಬಸ್ ವಾಪಸ್ ಹೊರಟಿತು. ಅರ್ಧ ಬಾಗಿಲು ಹಾಕಿದ್ದ ಬ್ರ್ಯಾಂಚಿನ ಮುಂದೆ ನಾವೆಲ್ಲ ಅವರ ಜೊತೆ ಇಳಿದೆವು. ಆ ದಿನ ನಾವು ಇಳಿದು ನೋಡಿದ ಜಾಗ ಅದೊಂದೇ.

ಅಲ್ಲಿ ನಿಂತೇ ಸುಮಂಗಲಾ ಕೇಳಿದರು: "ಅಕ್ಕಾರ, ನಿಮ್ಮ ಮನಿ ಎಲ್ಲೈತ್ರಿ? ಆ ಕಡೆ ಬಾಡಿಗಿ ಮನಿ ಸಿಗ್ತಾವೇನ್ರಿ?" ಬಸವರಾಜ ನನ್ನ ಕೈ ಹಿಡಿದು ಅದುಮಿದ.

ಆಸ್ಪತ್ರೆ ನೋಡಲಿಲ್ಲ, ನದಿ ನೋಡಲಿಲ್ಲ. ಕಡಲ ಊರಿಗೆ ಬಂದು ಕಡಲನ್ನೂ ನೋಡಲಿಲ್ಲ. ಅದಕ್ಕೇನು ಅವಸರ? ಜೂನ್ ತಿಂಗಳಲ್ಲಿ ಮೂವರೂ ಗಂಟುಮೂಟೆ ಸಮೇತ ಬರುತ್ತಾರಂತೆ.

ಕೂಸಿಗೆ ಏನಾದರೂ ಆದರೆ ಯಾರನ್ನು ಕರೆಯಲಿ ಎಂದು ಕೇಳಿದ್ದರಲ್ಲ, ಗಿರಿಜಕ್ಕನನ್ನು ಕರೆದವರಾದರೂ ಯಾರು?