ಮುನಿಯಲ್ಲಮ್ಮ ತುಂಬದ ಜಾಗ

ದೇವರಾಯಸಮುದ್ರದಲ್ಲಿ ಕೆರೆ ನೀರು ನೋಡಿಕೊಳ್ಳುವ ನೀರಗಂಟಿ ಮುನಿರಾಮಪ್ಪನ ಹೆಂಡತಿ ಮುನಿಯಲ್ಲಮ್ಮ ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ಲಡಾಯಿ ನಡೆಯುತ್ತಿದ್ದ ಕಾಲದಲ್ಲಿ. ವಯಸ್ಕರ ಪರೀಕ್ಷೆ ಪಾಸಾದರೆ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಆಯಾ ಕೆಲಸ ಸಿಗುತ್ತದೆಂದು ಕೋದಂಡರಾಮಪ್ಪ ಮೇಷ್ಟ್ರು ಹೇಳಿದ್ದರು. ಕಂಡವರ ಹೊಲದಲ್ಲಿ ಕಳೆ ಕಿತ್ತು ಅವಳ ಸೊಂಟ ಸೋತಿತ್ತು. ಆ ಕೆಲಸ ಬೇಕೇ ಬೇಕಿತ್ತು.

ಪರೀಕ್ಷೆಯಲ್ಲಿ ಹತ್ತು ವಾಕ್ಯ. ಒಂದೊಂದರಲ್ಲೂ ಒಂದು ಜಾಗ ಖಾಲಿ, ಪಕ್ಕದಲ್ಲಿ ಮೂರು ಮಾತು. ಹೊಂದುವುದನ್ನು ಆರಿಸಿ ಬರೆಯಬೇಕು. ಎಂಟು ಸರಿಯಾದರೆ ಪಾಸು. ಮೊರದಲ್ಲಿ ಅಕ್ಕಿ ಹರಡಿ ಕಲ್ಲು ಹುಡುಕುವಷ್ಟು ನಿಧಾನವಾಗಿ ಒಂಬತ್ತನ್ನು ಮುಗಿಸಿದಳು. ಎರಡು ತಪ್ಪಿರಬೇಕೆಂದು ಅವಳಿಗೇ ಅಳುಕಿತ್ತು. ಕೊನೆಯದು: ‘ಒಳ್ಳೆಯ ಮಳೆ ಬಂದು ಕೆರೆ ______.’ ಪಕ್ಕದಲ್ಲಿ ತುಂಬಿತು, ಬತ್ತಿತು, ಹಾರಿತು.

ಪೆನ್ಸಿಲು ನಿಂತಿತು.

‘ಏಮಮ್ಮಾ, ಅದಕ್ಕೇನು ಯೋಚನೆ?’ ಮೇಷ್ಟ್ರು ಕೇಳಿದರು.

‘ಕೋಡಿ ಬಿತ್ತಾ ಸಾಮಿ? ಕೋಡಿ ಮೇಲೆ ನೀರು ಹೋಗ್ದೆ ತುಂಬಿತು ಅನ್ನಂಗಿಲ್ಲ. ನೀರಗಂಟಿ ನೋಡ್ಬಂದು ಕೂಗ್ಬೇಕು.’

ಪಕ್ಕದ ಅಕ್ಕಯಮ್ಮ ಕಿಸಕ್ಕನೆ ನಕ್ಕಳು. ‘ಬರಿಯೇ ಸುಮ್ನೆ! ಕಾಗದದ ಕೆರೆಗೂ ನಿನ್ನ ಗಂಡನೇ ನೀರಗಂಟಿಯೇನೇ?’

ಮುನಿಯಲ್ಲಮ್ಮ ನಗಲಿಲ್ಲ. ಮದುವೆಯಾಗಿ ಬಂದ ವರ್ಷ, ನೀರು ಮೇಲಿನ ಮೆಟ್ಟಿಲಿಗೆ ಬಂದದ್ದು ಕಂಡು, ಬಟ್ಟೆ ಒಗೆಯುತ್ತಾ ‘ಕೆರೆ ತುಂಬಿತು’ ಅಂದುಬಿಟ್ಟಿದ್ದಳು. ಅದು ಕಿವಿಗೆ ಬಿದ್ದ ಊರಿನ ರೈತ ಗಂಗುಲಪ್ಪ, ನೀರಗಂಟಿ ಮನೆಯ ಮಾತಲ್ಲವೇ ಎಂದು ರಾಗಿ ಬಿಟ್ಟು ಬತ್ತ ನೆಟ್ಟ. ತೆನೆ ಕಟ್ಟುವ ಹೊತ್ತಿಗೆ ತೂಬಿನಲ್ಲಿ ನೀರಿಲ್ಲ. ಅವನು ಒಂದು ಮಾತೂ ಬೈಯಲಿಲ್ಲ. ಸುಗ್ಗಿಯಲ್ಲಿ ಎಲ್ಲರೂ ಕಣ ಸಾರಿಸಿದರು, ಅವನು ಸಾರಿಸಲಿಲ್ಲ. ಹುಲ್ಲು ಬೆಳೆದ ಆ ಕಣ ಈಗಲೂ ಅವಳ ಕಣ್ಣ ಮುಂದಿತ್ತು.

ಜಾಗವನ್ನು ಹಾಗೇ ಬಿಟ್ಟು ಕಾಗದ ಕೊಟ್ಟಳು.

ಏಳೇ ಬಂತು. ಆಯಾ ಕೆಲಸ ಅಕ್ಕಯಮ್ಮನಿಗೆ ಹೋಯಿತು. ‘ಒಂದು ಮಾತು ಗೀಚೋಕೆ ನಿಂಗೇನೇ ರೋಗ?’ ಎಂದು ಮುನಿರಾಮಪ್ಪ ರೇಗಿದ. ಆಮೇಲೆ ಎಲೆಯಡಿಕೆ ಅವಳ ಕಡೆ ತಳ್ಳಿದ. ಅವಳು ಮತ್ತೆ ಕಳೆಕುಡುಗೋಲು ಹಿಡಿದಳು.

ಮುಂದಿನ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಊರವರು ಆಗಲೇ ಬತ್ತದ ಬೀಜ ನೆನೆಹಾಕುತ್ತಿದ್ದರು. ಮುದುಕನಾಗಿದ್ದ ಗಂಗುಲಪ್ಪ ಕೋಲೂರಿಕೊಂಡು ಅವಳ ಬಾಗಿಲಿಗೆ ಬಂದು ನಿಂತ.

‘ಏನಮ್ಮಾ, ಪರೀಕ್ಷೇಲಿ ಬಿಟ್ಟ ಆ ಮಾತು ಈಗ ಬರೀಬೌದಾ?’

ಮುನಿಯಲ್ಲಮ್ಮ ಕೆರೆ ಏರಿಯ ಕಡೆ ಕಿವಿಗೊಟ್ಟಳು. ಗಂಡನ ಕೂಗು ಕೇಳಲಿಲ್ಲ.

‘ಕೋಡಿಗೆ ಇನ್ನೊಂದು ಗೇಣು ಇರ್ಬೇಕು ಮಾವ. ಬಾ, ಕೂತ್ಕೋ.’