ಅಂಗೈಯಲ್ಲಿ ತೂಗಿ ಕೊಟ್ಟ ಸ್ವಿಚ್ಚು

ನಮ್ಮ ಕಡೆಯವರು ಸ್ವಿಚ್ಚು ಕೊಳ್ಳುವ ಕ್ರಮವೇ ಬೇರೆ. ಕಣಕಟ್ಟೆ ಕಡೆಯ ತೆಂಗಿನ ತೋಟದವರು ಅರಸೀಕೆರೆಯ ನನ್ನ ಅಂಗಡಿಗೆ ಬಂದರೆ ಡಬ್ಬಿಯ ಮೇಲಿನ ಬರಹವನ್ನು ಯಾರೂ ಓದುವುದಿಲ್ಲ. ಅಂಗೈ ಮೇಲಿಟ್ಟು ತೂಗುತ್ತಾರೆ, ಒಂದೆರಡು ಸಲ ಟಕ್ ಟಕ್ ಅನ್ನಿಸುತ್ತಾರೆ. "ಭಾರ ಐತೆ, ಕೊಡಿ" ಅಂದರೆ ವ್ಯಾಪಾರ ಮುಗಿಯಿತು. ಮೂವತ್ತು ವರ್ಷ ಪಂಪ್‌ಸೆಟ್ಟಿನ ಸ್ಟಾರ್ಟರು, ಸ್ವಿಚ್ಚು ಮಾರಿ, ರಿಪೇರಿ ಮಾಡಿ, ಆ ತೂಕದ ಶಾಸ್ತ್ರ ನನ್ನ ಕೈಗೂ ಅಂಟಿಬಿಟ್ಟಿತ್ತು. ಅದರಿಂದ ಯಾರ ಪಂಪೂ ನಿಂತಿರಲಿಲ್ಲ ಬಿಡಿ.

ಬಾಣಾವರದಲ್ಲಿರುವ ನನ್ನ ತಮ್ಮನ ಮಗಳು ಆಗ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಳು. ಅವಳೂ ಮೂವರು ಸಹಪಾಠಿಗಳೂ ಸೇರಿ ಕಾಳಗದ ರೋಬೋ ಕಟ್ಟುತ್ತಿದ್ದರು. ಮೊರದಷ್ಟಗಲದ ಕಬ್ಬಿಣದ ಗಾಡಿ, ಮುಂದೆ ಗಿರ್ರನೆ ತಿರುಗುವ ಉಕ್ಕಿನ ಚಕ್ರ. ಎದುರಿನ ಗಾಡಿಯನ್ನು ಹೊಡೆದು ಕೆಡವಿದರೆ ಗೆಲುವು. ಹಿಂದಿನ ಎರಡು ವರ್ಷವೂ ಮೊದಲ ಸುತ್ತಿನಲ್ಲೇ ಸೋತಿದ್ದರು. ಇದೇ ಕಡೆಯ ಅವಕಾಶ. ವೈರಿಂಗ್ ಪೂರ್ತಿ ಅವಳ ಹೊಣೆ.

ಒಂದು ಶನಿವಾರ ಗಾಡಿಯನ್ನು ಚೀಲದಲ್ಲಿ ಹೊತ್ತುಕೊಂಡು ಅಂಗಡಿಗೆ ಬಂದಳು. ಅವಳಿಗೆ ದಪ್ಪ ತಂತಿ ಬೇಕಿತ್ತು, ಅಷ್ಟೆ. ಮುಚ್ಚಳ ತೆಗೆದಾಗ ನನ್ನ ಕಣ್ಣು ಮೇನ್ ಸ್ವಿಚ್ಚನ್ನು ಹುಡುಕಿತು. ಸ್ವಿಚ್ಚೇ ಇಲ್ಲ! ಬ್ಯಾಟರಿಯ ದಾರಿಯಲ್ಲಿ ಹಳದಿ ಪ್ಲಾಸ್ಟಿಕ್ಕಿನ ಒಂದು ಪ್ಲಗ್ಗು, ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದು. ಸಿಕ್ಕಿಸಿದರೆ ಗಾಡಿ ಚಾಲೂ, ಕಿತ್ತರೆ ಬಂದ್.

"ಏನವ್ವಾ ಇದು, ಗೊಂಬೆ ಕಿವಿಗೆ ಓಲೆನಾ?" ಎಂದು ನಕ್ಕೆ.

"ಇದು ಬ್ಯಾಟರಿ ಕರೆಂಟಿಗೇ ಅಂತ ಮಾಡಿರೋದು ದೊಡ್ಡಪ್ಪ. ಚಕ್ರ ಶುರುವಾಗೋವಾಗ ನೂರು ಆಂಪಿಯರ್ ಎಳೆಯುತ್ತೆ. ತಡ್ಕೊಳ್ಳುತ್ತೆ."

ನಾನು ಮೇಲಿನ ಅರೆಯಿಂದ ಪಂಪ್‌ಸೆಟ್ಟಿನ ಸ್ವಿಚ್ಚೊಂದನ್ನು ಇಳಿಸಿದೆ. "ಇದು ಐದು ಎಚ್‌ಪಿ ಮೋಟರ್ ಎಳೆಯೋದು. ನಾನೂರು ವೋಲ್ಟ್ ಕಣವ್ವಾ! ನಿನ್ ಬ್ಯಾಟರಿ ಎಷ್ಟು, ಇಪ್ಪತ್ನಾಕಾ? ಸೊಳ್ಳೆ ಕಚ್ಚಿದಂಗೂ ಆಗಲ್ಲ ಇದಕ್ಕೆ."

"ವೋಲ್ಟು ಕಮ್ಮಿ, ಆದ್ರೆ ಆಂಪಿಯರ್ ನೋಡಿ. ಇದರ ಮೇಲೆ ಬರೆದಿರೋದೆಲ್ಲ ಲೈನ್ ಕರೆಂಟಿಗೆ. ಅದು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತೆ, ಕಿಡಿ ತಾನೇ ಆರಿಹೋಗುತ್ತೆ. ಬ್ಯಾಟರೀದು ಹಂಗೆ ಆರಲ್ಲ. ನೂರು ಆಂಪಿಯರ್ ಕಾವಿಗೆ ಒಳಗಿನ ಲೋಹ ಕರಗಿ ಅಂಟ್ಕೊಂಡ್‌ಬಿಡುತ್ತೆ."

ಮಗು ಹೇಳಿದ್ದು ಅಕ್ಷರಕ್ಷರವೂ ಸರಿ. ಆದರೆ ಎದುರಿಗೆ ಹಾರನಹಳ್ಳಿಯ ಗಿರಾಕಿಯೊಬ್ಬ ನಿಂತು ಕೇಳಿಸಿಕೊಳ್ಳುತ್ತಿದ್ದ. ನನ್ನ ಅಂಗಡಿಯಲ್ಲಿ ನನಗೇ ಪಾಠವೇ? ಸಿಟ್ಟು ನೆತ್ತಿಗೇರಿತು. "ಈ ಕೂದಲು ಬಿಸಿಲಿಗೆ ಬೆಳ್ಳಗಾಗಿಲ್ಲ! ತಗೋ, ನೀನೇ ತೂಗಿ ನೋಡು" ಎಂದು ಸ್ವಿಚ್ಚನ್ನು ಅವಳ ಅಂಗೈಗೆ ಹಾಕಿದೆ.

"ಹಿರೇರು ಹೇಳ್ತಾವ್ರೆ, ಹಾಕಿಸ್ಕಳವ್ವಾ" ಎಂದ ಗಿರಾಕಿ.

ಅವಳು ಗಾಡಿಯನ್ನು ನನ್ನ ಕಡೆ ಸರಿಸಿದಳು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಪ್ಲಗ್ಗು ಕಿತ್ತು ಮೇಜಿನ ಮೇಲೆ ಎಸೆದೆ, ಗಾಡಿಯ ಪಕ್ಕದ ತಗಡನ್ನು ನಾನೇ ಕೊರೆದು ಸ್ವಿಚ್ಚು ಕೂರಿಸಿದೆ. ಪೂರ್ತಿ ವೇಗಕ್ಕೆ ಸ್ಪರ್ಧೆಯ ಕಣವೇ ಬೇಕಂತೆ; ಚಕ್ರವನ್ನು ನಿಧಾನಕ್ಕೆ ಒಂದು ಸಲ ತಿರುಗಿಸಿ ನೋಡಿದೆವು, ಕೆಲಸ ಮಾಡಿತು. "ನೋಡ್ದಾ? ಸ್ಪರ್ಧೆ ದಿನ ನಾನೂ ಬತ್ತೀನಿ" ಎಂದೆ.

ಹೋದೆ ಕೂಡ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಕಾಳಗಕ್ಕೆ ಮೊದಲು ಒಂದು ತಪಾಸಣೆಯಿತ್ತು: ಚಕ್ರವನ್ನು ಪೂರ್ತಿ ವೇಗದಲ್ಲಿ ಓಡಿಸಿ, ನಿಲ್ಲಿಸಿ, ಆಮೇಲೆ ಹೊರಗಿನಿಂದಲೇ ಬ್ಯಾಟರಿ ಕಡಿಯಬೇಕು. ಗಾಡಿಯ ಕೆಂಪು ದೀಪ ಆರಬೇಕು. ಅವಳು ಸ್ವಿಚ್ಚು ತಿರುಗಿಸಿದಳು. ಟಕ್ ಎಂಬ ಸದ್ದೇನೋ ಜೋರಾಗಿಯೇ ಬಂತು. ದೀಪ ಆರಲಿಲ್ಲ. ಮತ್ತೆ ತಿರುಗಿಸಿದಳು, ಮತ್ತೆ ತಿರುಗಿಸಿದಳು. ಒಳಗೆ ಅಂಟಿಕೊಂಡುಬಿಟ್ಟಿತ್ತು. ಕೊನೆಗೆ ತಪಾಸಣೆಯವರೇ ಎಲ್ಲರನ್ನೂ ದೂರ ಸರಿಸಿ ತಂತಿ ಕತ್ತರಿಸಿದರು. ಬಂದ್ ಆಗದ ಗಾಡಿಯನ್ನು ಕಣಕ್ಕೆ ಬಿಡುವ ಹಾಗಿಲ್ಲ ಎಂದರು. ಸರಿಪಡಿಸಲು ಅರ್ಧ ಗಂಟೆ ಕೊಟ್ಟರು. ಪ್ಲಗ್ಗು ದೂರದ ಅರಸೀಕೆರೆಯಲ್ಲಿ, ನನ್ನ ಮೇಜಿನ ಮೇಲಿತ್ತು. ಗಾಡಿ ಕಣಕ್ಕಿಳಿಯಲಿಲ್ಲ.

"ಯಾರು ಹೇಳಿದ್ರು ನಿಂಗೆ ಇದನ್ನ ಹಾಕು ಅಂತ?" ಎಂದು ಜೊತೆಯ ಹುಡುಗಿ ಕಿರುಚಿದಳು. ಅವಳ ಕಣ್ಣಲ್ಲಿ ನೀರಿತ್ತು.

ನಾನು ಎರಡು ಹೆಜ್ಜೆ ಆಚೆ ನಿಂತಿದ್ದೆ.

"ಯಾರೂ ಇಲ್ಲ. ನಾನೇ ಹಾಕಿದ್ದು. ನಂದೇ ತಪ್ಪು" ಎಂದಳು ನಮ್ಮ ಹುಡುಗಿ.

ಥೂ, ಆಗಲಾದರೂ ಬಾಯಿ ಬಿಡಬೇಕಿತ್ತು. "ನಾನು" ಅಂತ ಒಂದು ಮಾತು ಸಾಕಿತ್ತು. ಅಂಗಡಿಯಲ್ಲಿ ಅಷ್ಟು ಕೂಗಾಡಿದವನ ನಾಲಿಗೆ ಅಲ್ಲಿ ಏಳಲಿಲ್ಲ. ಇಂದಿಗೂ ಅದನ್ನು ನೆನೆದರೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳ ತೊಡೆಯ ಮೇಲೆ ಗಾಡಿಯ ಚೀಲವಿತ್ತು. ಕೊನೆಗೆ ಕೇಳಿದೆ. ಆಗಲೂ ನಾನು ಹುಡುಕುತ್ತಿದ್ದದ್ದು ಅವಳದೇ ತಪ್ಪನ್ನು.

"ನಿಂಗೆ ಗೊತ್ತಿತ್ತಲ್ಲವ್ವಾ. ಮನೆಗೆ ಹೋದ್ಮೇಲೆ ಕಿತ್ತಾಕಿ ಬೇರೆ ಪ್ಲಗ್ಗು ಹಾಕ್ಕೋಬೋದಿತ್ತಲ್ಲ?"

ಅವಳು ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ.

"ಹಾಕ್ಕೋಬೇಕು ಅಂತಾನೇ ಇದ್ದೆ ದೊಡ್ಡಪ್ಪ. ನೀವು ನೋಡೋಕೆ ಬರ್ತೀನಿ ಅಂದ್ರಲ್ಲ."