ಇಬ್ಬರು ಸಾಕ್ಷಿಯ ಯಜಮಾನರು
ತೆರಕಣಾಂಬಿಯ ನ್ಯಾಯದ ಕಟ್ಟೆಯ ಯಜಮಾನ ಸಿದ್ದಮಲ್ಲಪ್ಪನವರಿಗೆ ಎಲ್ಲಕ್ಕೂ ಇಬ್ಬರು ಸಾಕ್ಷಿ ಬೇಕು. ಎಮ್ಮೆ ರಾಗಿ ಮೇಯ್ದರೂ "ಕಂಡೋರು ಇಬ್ರು ಅವ್ರಾ?", ಹೆಂಡತಿ ಪುಟ್ಟಬಸಮ್ಮ ಸಾರಿಗೆ ಉಪ್ಪು ಹಾಕಿದೆ ಅಂದರೂ "ಕಂಡೋರು ಇಬ್ರು ಅವ್ರಾ?" "ಒಲೆ ಕಂಡದೆ, ಸುಮ್ಕೆ ಉಣ್ಣಿ" ಎನ್ನುತ್ತಿದ್ದಳು ಆಕೆ. ಅವರ ಎಳೆಯ ಮೊಮ್ಮಗಳು ಮಂಗಳಗೌರಿಯ ಮಾನಕ್ಕೆ ಕೈಹಾಕಿದ ಅರಿಸಿನದ ದಲ್ಲಾಳಿಯೊಬ್ಬ, ಕೆಳಗಿನ ಕೋರ್ಟಿನಲ್ಲಿ ಶಿಕ್ಷೆಯಾದ ಮೇಲೆ ಅಪೀಲು ಹೋದ. "ಮಗು ಹೇಳಿದ್ದು ಬಿಟ್ಟರೆ ಕಂಡವರು ಯಾರು?" ಎಂದು ಅವನ ವಕೀಲರು ಕೇಳಿದಾಗ, ತಮ್ಮದೇ ಮಾತು ಎದುರು ನಿಂತದ್ದು ಕಂಡು ಕೋರ್ಟಿನಲ್ಲಿ ಕೂತಿದ್ದ ಯಜಮಾನರು ಬೆವೆತುಹೋದರು. ಮೇಲಿನ ಕೋರ್ಟಿನ ಜಡ್ಜುಗಳು ಮಗುವಿನ ಹೇಳಿಕೆಯನ್ನು ಪೂರ್ತಿ ಓದಿಸಿ ಕೇಳಿ, ನಂಬುವಂಥ ಮಾತಾದರೆ ಅವಳೊಬ್ಬಳ ಮಾತೇ ಸಾಕೆಂದು ಶಿಕ್ಷೆಯನ್ನು ಉಳಿಸಿದರು. ಕಟ್ಟೆಗೆ ಬರುವ ಊರವರನ್ನು ಯಜಮಾನರು ಇಬ್ಬರು ಸಾಕ್ಷಿ ಕೇಳುವುದು ಇಂದಿಗೂ ತಪ್ಪಿಲ್ಲ. ಮೊನ್ನೆ ಮಂಗಳಗೌರಿ ಓಡಿಬಂದು, "ತಾತ, ಬೆಕ್ಕು ಆಲು ಕುಡ್ಕಂತು" ಅಂದಳು. "ಕಂಡೋರು ಇಬ್ರು ಅವ್ರಾ?" ಎಂದು ಪುಟ್ಟಬಸಮ್ಮ ಗಂಡನನ್ನು ಅಣಕಿಸಿದಳು. ಯಜಮಾನರು ಮೊಮ್ಮಗಳನ್ನು ತೊಡೆಗೆಳೆದುಕೊಂಡು, "ನನ್ ಕೂಸು ಯೋಳ್ತಲ್ಲ, ಸಾಕು ಬುಡು" ಅಂದರು.